ಜಡ್ಜ್ ತಪ್ಪು ಮಾಡಿದರೆ ಕೇಳೋರು ಯಾರು?

2025ರ ಮಾರ್ಚ್ 14, ಹೋಳಿ ಹಬ್ಬದ ರಾತ್ರಿ. ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಯಶವಂತ್ ವರ್ಮಾ ಅವರ ಸರ್ಕಾರಿ ಬಂಗಲೆಯ ಸ್ಟೋರ್ ರೂಮಿಗೆ ಬೆಂಕಿ ಬಿತ್ತು. ಅವರು ಊರಲ್ಲಿರಲಿಲ್ಲ. ಬೆಂಕಿ ಆರಿಸಲು ಬಂದವರಿಗೆ ಅಲ್ಲಿ ಅರೆಬರೆ ಸುಟ್ಟ ನೋಟಿನ ಕಂತೆಗಳು ಕಂಡವು ಎಂಬ ಸುದ್ದಿ ವಾರದೊಳಗೆ ದೇಶವೆಲ್ಲ ಹಬ್ಬಿತು. ಆ ಹಣ ನನ್ನದಲ್ಲ, ನನ್ನ ಮನೆಯವರದ್ದೂ ಅಲ್ಲ ಎಂದು ವರ್ಮಾ ಹೇಳಿದರು.

ಇದೇ ಘಟನೆ ಒಬ್ಬ ತಹಶೀಲ್ದಾರರ ಮನೆಯಲ್ಲಿ ಆಗಿದ್ದರೆ ಏನಾಗುತ್ತಿತ್ತು ಅಂತ ಯಾರನ್ನೂ ಕೇಳಬೇಕಿಲ್ಲ. ಮರುದಿನ ಅಮಾನತು, ಜೊತೆಗೊಂದು ಎಫ್‌ಐಆರ್. ಇಲ್ಲಿ ಮಾತ್ರ ಎಲ್ಲರೂ ಒಬ್ಬರ ಕಡೆ ನೋಡುತ್ತಾ ಕೂತರು. ಅವರು ಆಗಿನ ಭಾರತದ ಮುಖ್ಯ ನ್ಯಾಯಮೂರ್ತಿ, ಅಂದರೆ ಸಿಜೆಐ, ಸಂಜೀವ್ ಖನ್ನಾ. ಯಾಕೆ ಹೀಗೆ? ಸುಪ್ರೀಂ ಕೋರ್ಟಿನ ಒಬ್ಬ ನ್ಯಾಯಮೂರ್ತಿಯ ಕೈಯಲ್ಲಿ ನಿಜಕ್ಕೂ ಎಷ್ಟು ಅಧಿಕಾರ ಇದೆ? ಇದು ಗೊತ್ತಾದರೆ ನಮ್ಮ ನ್ಯಾಯಾಂಗದ ಒಂದು ದೊಡ್ಡ ತೊಡಕು ಅರ್ಥವಾಗುತ್ತದೆ.

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ಸರಿಮಾಡಿಕೊಳ್ಳೋಣ. ಸುಪ್ರೀಂ ಕೋರ್ಟ್ ಅಂದರೆ ಹೈಕೋರ್ಟ್ ನ್ಯಾಯಮೂರ್ತಿಗಳಿಗೆ ಬಾಸ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟ್ ರದ್ದು ಮಾಡಬಹುದು. ತೀರ್ಪು ಬರೆದವರನ್ನು ಕೆಲಸದಿಂದ ತೆಗೆಯೋಕೆ ಆಗಲ್ಲ. ಅಮಾನತು ಮಾಡುವಂತಿಲ್ಲ, ಸಂಬಳ ಕಡಿಯುವಂತಿಲ್ಲ. ಜಿಲ್ಲಾ ನ್ಯಾಯಾಧೀಶರ ವಿಷಯ ಬೇರೆ. ಸಂವಿಧಾನದ 235ನೇ ವಿಧಿ ಅವರ ಮೇಲಿನ ಹಿಡಿತವನ್ನು ಹೈಕೋರ್ಟಿಗೆ ಕೊಟ್ಟಿದೆ. ಅಲ್ಲಿ ಶಿಸ್ತು ಕ್ರಮ, ವಿಚಾರಣೆ, ವಜಾ ಎಲ್ಲವೂ ಉಂಟು. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನವರಿಗೆ ಅಂಥ ಮೇಲಧಿಕಾರಿಯೇ ಇಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ. ಸರ್ಕಾರದ ವಿರುದ್ಧ ತೀರ್ಪು ಕೊಡಬೇಕಾದವರು ನಾಳೆ ನನ್ನ ಗತಿಯೇನು ಅಂತ ಹೆದರಬಾರದಲ್ವಾ?

ಹಾಗಾದರೆ ಅವರನ್ನು ತೆಗೆಯುವ ದಾರಿ ಯಾವುದು? ಇರುವುದು ಒಂದೇ, ಸಂಸತ್ತು. ಪತ್ರಿಕೆಗಳು ಇದನ್ನು ಮಹಾಭಿಯೋಗ, ವಾಗ್ದಂಡನೆ ಎಂದೆಲ್ಲ ಬರೆಯುತ್ತವೆ. ಸಂವಿಧಾನ ಆ ಪದವನ್ನು ಬಳಸಿರುವುದು ರಾಷ್ಟ್ರಪತಿಗೆ ಮಾತ್ರ. ನ್ಯಾಯಮೂರ್ತಿಗಳ ವಿಷಯದಲ್ಲಿ ಇರುವುದು ಹುದ್ದೆಯಿಂದ ತೆಗೆಯುವುದು ಅಂತ, ಅದೂ ದುರ್ನಡತೆ ಅಥವಾ ಅಸಾಮರ್ಥ್ಯ ಸಾಬೀತಾದರೆ. 124ನೇ ವಿಧಿ ಮತ್ತು 1968ರ ನ್ಯಾಯಾಧೀಶರ ವಿಚಾರಣಾ ಕಾಯ್ದೆ ಎರಡನ್ನೂ ಸೇರಿಸಿ ಓದಿದರೆ ದಾರಿ ಹೀಗಿದೆ. ಲೋಕಸಭೆಯಲ್ಲಾದರೆ 100 ಸದಸ್ಯರು, ರಾಜ್ಯಸಭೆಯಲ್ಲಾದರೆ 50 ಸದಸ್ಯರು ಸಹಿ ಹಾಕಿ ನೋಟಿಸ್ ಕೊಡಬೇಕು. ಸ್ಪೀಕರ್ ಅಥವಾ ಸಭಾಪತಿ ಒಪ್ಪಿದರೆ ಮೂವರ ಸಮಿತಿ ಕೂರುತ್ತದೆ. ಅದರಲ್ಲಿ ಒಬ್ಬರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ, ಒಬ್ಬರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಇನ್ನೊಬ್ಬರು ಹೆಸರಾಂತ ಕಾನೂನು ತಜ್ಞರು. ಸಮಿತಿ ತಪ್ಪಿತಸ್ಥ ಎಂದರೆ ಮಾತ್ರ ಸದನದಲ್ಲಿ ಮತಕ್ಕೆ ಬರುತ್ತದೆ. ಎರಡೂ ಸದನಗಳಲ್ಲಿ ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಭಾಗ ಬೇಕು, ಜೊತೆಗೆ ಸದನದ ಒಟ್ಟು ಬಲದ ಅರ್ಧಕ್ಕಿಂತ ಜಾಸ್ತಿ ಬೇಕು.

ಈ ಕೊನೆಯ ಷರತ್ತು ಓದುವಾಗ ಸಣ್ಣದು ಅನ್ನಿಸುತ್ತದೆ. ಅದು ಏನು ಮಾಡಬಲ್ಲದು ಅಂತ ತಿಳಿಯಲು 1993ರ ಮೇ ತಿಂಗಳಿಗೆ ಹೋಗಬೇಕು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ಮೇಲೆ ಒಂದು ಆರೋಪವಿತ್ತು. ಅವರು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದಾಗ ಚಂಡೀಗಢದ ಅಧಿಕೃತ ನಿವಾಸಕ್ಕೆ ಪೀಠೋಪಕರಣ, ಕಾರ್ಪೆಟ್ ಅಂತ ಸಾರ್ವಜನಿಕ ಹಣವನ್ನು ಬೇಕಾಬಿಟ್ಟಿ ಖರ್ಚು ಮಾಡಿದರು ಎಂಬುದು. ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರ ಸಮಿತಿ 14 ಆರೋಪಗಳನ್ನು ಪರಿಶೀಲಿಸಿ 11 ಸಾಬೀತಾಗಿವೆ ಎಂದಿತು. ಅಂದರೆ ಸುಪ್ರೀಂ ಕೋರ್ಟಿನ ಒಬ್ಬ ನ್ಯಾಯಮೂರ್ತಿ ತನ್ನ ಪಕ್ಕದಲ್ಲೇ ಕೂರುವ ಸಹೋದ್ಯೋಗಿಯ ಬಗ್ಗೆ ಹೀಗೆ ಬರೆದುಕೊಟ್ಟರು. ಇದು ಸಣ್ಣ ಮಾತಲ್ಲ. ಲೋಕಸಭೆಯಲ್ಲಿ ರಾಮಸ್ವಾಮಿ ಪರ ಆಗ ವಕೀಲರಾಗಿದ್ದ ಕಪಿಲ್ ಸಿಬಲ್ ವಾದಿಸಿದರು. ಮತ ಹಾಕಿದಾಗ 196 ಜನ ತೆಗೆಯಬೇಕು ಅಂದರು. ಬೇಡ ಅಂದವರು ಒಬ್ಬರೂ ಇಲ್ಲ! ಆದರೆ ಆಳುವ ಕಾಂಗ್ರೆಸ್ ಮತ್ತು ಮಿತ್ರಪಕ್ಷಗಳ 205 ಸದಸ್ಯರು ಸದನದಲ್ಲೇ ಕೂತು ಮತ ಹಾಕಲಿಲ್ಲ. ಒಟ್ಟು ಬಲದ ಅರ್ಧ ದಾಟಲು 270ಕ್ಕಿಂತ ಹೆಚ್ಚು ಮತ ಬೇಕಿತ್ತು. ನಿರ್ಣಯ ಬಿದ್ದುಹೋಯಿತು. ರಾಮಸ್ವಾಮಿ 1994ರಲ್ಲಿ ವಯಸ್ಸಾಗಿ ನಿವೃತ್ತರಾದರು.

ಕೂತವರು ಸುಮ್ನೆ ಕೂತಿದ್ದೇ ಸಾಕಾಯಿತು. ಸಮಿತಿಯ ಇಷ್ಟೆಲ್ಲ ಕೆಲಸ ಅಷ್ಟರಲ್ಲಿ ಮುಗಿಯಿತು.

ಆಮೇಲಿನ ಪ್ರಕರಣಗಳಲ್ಲಿ ಇನ್ನೊಂದು ಬಾಗಿಲು ಕಾಣಿಸಿತು, ರಾಜೀನಾಮೆ. ಕಲ್ಕತ್ತಾ ಹೈಕೋರ್ಟಿನ ಸೌಮಿತ್ರ ಸೇನ್ ವಕೀಲರಾಗಿದ್ದಾಗ ಕೋರ್ಟ್ ಅವರನ್ನು ಒಂದು ಪ್ರಕರಣದಲ್ಲಿ ರಿಸೀವರ್ ಆಗಿ, ಅಂದರೆ ವ್ಯಾಜ್ಯದ ಆಸ್ತಿ, ಹಣ ನೋಡಿಕೊಳ್ಳುವವರಾಗಿ ನೇಮಿಸಿತ್ತು. ಆಗ ಕೈಗೆ ಬಂದ ಸುಮಾರು 33 ಲಕ್ಷ ರೂಪಾಯಿಯ ಲೆಕ್ಕ ಸರಿಯಾಗಿ ಕೊಡಲಿಲ್ಲ ಎಂಬುದು ಅವರ ಮೇಲಿನ ಆರೋಪ. 2011ರ ಆಗಸ್ಟಿನಲ್ಲಿ ರಾಜ್ಯಸಭೆ 189 ಮತಗಳಿಂದ ಅವರನ್ನು ತೆಗೆಯುವ ನಿರ್ಣಯ ಪಾಸು ಮಾಡಿತು. ಲೋಕಸಭೆಯಲ್ಲಿ ಚರ್ಚೆ ಆಗುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಅದೇ ವರ್ಷ ಜುಲೈನಲ್ಲಿ ಪಿ.ಡಿ. ದಿನಕರನ್ ಕೂಡ ರಾಜೀನಾಮೆ ಕೊಟ್ಟರು. ಇವರ ಹೆಸರು ಕರ್ನಾಟಕದವರಿಗೆ ನೆನಪಿರಲೇಬೇಕು. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದಾಗಲೇ ತಮಿಳುನಾಡಿನಲ್ಲಿ ಜಮೀನು ಒತ್ತುವರಿ ಮಾಡಿದ ಆರೋಪ ಅವರ ಮೇಲೆ ಬಂತು. ಬೆಂಗಳೂರಿನ ವಕೀಲರು ಬೀದಿಗಿಳಿದರು. ಕೊನೆಗೆ 2010ರಲ್ಲಿ ಅವರನ್ನು ಎಲ್ಲಿಗೆ ಕಳಿಸಿದರು? ಸಿಕ್ಕಿಂ ಹೈಕೋರ್ಟಿಗೆ. ಬೆಂಗಳೂರಿಗೆ ಬೇಡವಾದವರು ಗ್ಯಾಂಗ್ಟಕ್‌ನ ಜನರಿಗೆ ಯಾಕೆ ಬೇಕು? ಈ ಪ್ರಶ್ನೆಗೆ ಇವತ್ತಿಗೂ ಯಾರೂ ಉತ್ತರ ಕೊಟ್ಟಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹುದ್ದೆಯಿಂದ ತೆಗೆಯುವುದು ಒಂದು ತುದಿ, ಏನೂ ಮಾಡದಿರುವುದು ಇನ್ನೊಂದು ತುದಿ. ಸಂವಿಧಾನದಲ್ಲಿ ಇವೆರಡರ ನಡುವೆ ಏನೂ ಇಲ್ಲ. ನ್ಯಾಯಮೂರ್ತಿ ಲಂಚ ತಿನ್ನದೇ ಇರಬಹುದು. ಆದರೆ ವಕೀಲರನ್ನು ಕೆಟ್ಟದಾಗಿ ಬೈಯಬಹುದು, ವಾದ ಕೇಳಿ ತಿಂಗಳುಗಟ್ಟಲೆ ತೀರ್ಪು ಬರೆಯದೇ ಇರಬಹುದು, ಬಂಧುಗಳ ಕೇಸು ಕೇಳಬಹುದು. ಇದಕ್ಕೆಲ್ಲ ಸಂಸತ್ತು ಕರೆಯೋಕಾಗುತ್ತಾ? ಸಂಸತ್ತಿನಲ್ಲಿ ಮಾತಾಡುವುದಕ್ಕೂ 121ನೇ ವಿಧಿ ಅಡ್ಡ ಇದೆ. ತೆಗೆಯುವ ನಿರ್ಣಯ ಇದ್ದಾಗ ಬಿಟ್ಟು ಬೇರೆ ಯಾವಾಗಲೂ ನ್ಯಾಯಮೂರ್ತಿಯ ನಡತೆ ಬಗ್ಗೆ ಅಲ್ಲಿ ಚರ್ಚೆ ಮಾಡುವಂತಿಲ್ಲ.

ಈ ನಡುವಿನ ಜಾಗವನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ ತುಂಬಿಕೊಂಡರು. 1995ರಲ್ಲಿ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎ.ಎಂ. ಭಟ್ಟಾಚಾರ್ಜಿ ಅವರ ಪ್ರಕರಣದಲ್ಲಿ ಈ ಖಾಲಿ ಜಾಗವನ್ನು ಕೋರ್ಟ್ ಗುರುತಿಸಿತು. 1997ರಲ್ಲಿ ನಡತೆಯ ನಿಯಮಗಳನ್ನು ಒಪ್ಪಿತು. 1999ರಲ್ಲಿ ಆಂತರಿಕ ವಿಚಾರಣೆಯ ಕ್ರಮಕ್ಕೆ ಎಲ್ಲ ನ್ಯಾಯಮೂರ್ತಿಗಳ ಸಭೆ ಒಪ್ಪಿಗೆ ಕೊಟ್ಟಿತು. ಕೋರ್ಟಿನ ಮೊಗಸಾಲೆಯಲ್ಲಿ ಇದನ್ನು ಎಲ್ಲರೂ ಇನ್-ಹೌಸ್ ಅಂತಲೇ ಕರೆಯುತ್ತಾರೆ.

ಇನ್-ಹೌಸ್ ನಡೆಯುವುದು ಹೀಗೆ. ಹೈಕೋರ್ಟ್ ನ್ಯಾಯಮೂರ್ತಿ ಮೇಲಿನ ದೂರು ಸಿಜೆಐ ಕೈಗೆ ಬರುತ್ತದೆ. ಹುರುಳಿಲ್ಲ ಅನ್ನಿಸಿದರೆ ಅಲ್ಲಿಗೇ ಮುಗಿಯಿತು. ಗಂಭೀರ ಅನ್ನಿಸಿದರೆ ಆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಅಭಿಪ್ರಾಯ, ಆರೋಪ ಹೊತ್ತವರ ಉತ್ತರ ಎರಡನ್ನೂ ತರಿಸುತ್ತಾರೆ. ಇನ್ನೂ ಆಳಕ್ಕೆ ಹೋಗಬೇಕು ಅಂದರೆ ಬೇರೆ ಹೈಕೋರ್ಟುಗಳ ಇಬ್ಬರು ಮುಖ್ಯ ನ್ಯಾಯಮೂರ್ತಿಗಳು ಮತ್ತು ಒಬ್ಬ ನ್ಯಾಯಮೂರ್ತಿ ಇರುವ ಸಮಿತಿ. ಆರೋಪ ಸುಪ್ರೀಂ ಕೋರ್ಟಿನವರ ಮೇಲೇ ಇದ್ದರೆ ಅಲ್ಲಿನ ಮೂವರು ಸಹೋದ್ಯೋಗಿಗಳ ಸಮಿತಿ. ತಪ್ಪು ದೊಡ್ಡದು ಅಂತ ವರದಿ ಬಂದರೆ ರಾಜೀನಾಮೆ ಕೊಡಿ ಅಥವಾ ಸ್ವಯಂ ನಿವೃತ್ತಿ ತಗೊಳ್ಳಿ ಎಂದು ಸಿಜೆಐ ಸಲಹೆ ಕೊಡುತ್ತಾರೆ. ಕೇಳದಿದ್ದರೆ ಅವರಿಗೆ ಕೇಸು ಕೊಡುವುದನ್ನು ನಿಲ್ಲಿಸಿ, ರಾಷ್ಟ್ರಪತಿಗೂ ಪ್ರಧಾನಿಗೂ ಪತ್ರ ಬರೆಯುತ್ತಾರೆ. ಅಷ್ಟೇ. ಸಲಹೆ, ಪತ್ರ, ಕೆಲಸ ಕೊಡದಿರುವುದು. ಇದರ ಮುಂದೆ ಸಿಜೆಐ ಕೈಲಿ ಏನೂ ಇಲ್ಲ.

ಹೋಳಿ ರಾತ್ರಿಯ ಬೆಂಕಿಯ ನಂತರ ನಡೆದದ್ದೂ ಇದೇ. ಖನ್ನಾ ನೇಮಿಸಿದ ಸಮಿತಿಯಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಅನು ಶಿವರಾಮನ್ ಕೂಡ ಇದ್ದರು. ಸಮಿತಿ 55 ಸಾಕ್ಷಿಗಳನ್ನು ಕೇಳಿ, ಆರೋಪದಲ್ಲಿ ಹುರುಳಿದೆ ಎಂದಿತು. ವರ್ಮಾ ರಾಜೀನಾಮೆ ಕೊಡಲು ಒಪ್ಪಲಿಲ್ಲ. ಖನ್ನಾ ಮೇ 8ಕ್ಕೆ ವರದಿಯನ್ನು ರಾಷ್ಟ್ರಪತಿ, ಪ್ರಧಾನಿ ಇಬ್ಬರಿಗೂ ಕಳಿಸಿದರು. ಜುಲೈನಲ್ಲಿ 145 ಲೋಕಸಭಾ ಸದಸ್ಯರು ಸಹಿ ಹಾಕಿದರು. ಆಗಸ್ಟ್ 12ಕ್ಕೆ ಸ್ಪೀಕರ್ 1968ರ ಕಾಯ್ದೆಯ ಸಮಿತಿ ರಚಿಸಿದರು. ಅದರ ಮೂವರಲ್ಲಿ ಇಬ್ಬರು ನಮ್ಮವರು. ಒಬ್ಬರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಅರವಿಂದ ಕುಮಾರ್, ಇನ್ನೊಬ್ಬರು ರಾಜ್ಯದ ಅಡ್ವೊಕೇಟ್ ಜನರಲ್ ಆಗಿದ್ದ ಹಿರಿಯ ವಕೀಲ ಬಿ.ವಿ. ಆಚಾರ್ಯ. ಒಂದೇ ಬೆಂಕಿಗೆ ಎರಡು ತನಿಖೆ ಯಾಕೆ ಅಂತ ಕೆಲವರು ಕೇಳಿದರು. ಮೊದಲನೆಯದು ಮನೆಯೊಳಗಿನ ವಿಚಾರಣೆ, ಅದರ ಮೇಲೆ ಯಾರನ್ನೂ ತೆಗೆಯೋಕೆ ಆಗಲ್ಲ. ಎರಡನೆಯದು ಕಾನೂನಿನ ವಿಚಾರಣೆ. ಅಲ್ಲಿ ಎಲ್ಲವನ್ನೂ ಹೊಸದಾಗಿ ಸಾಬೀತು ಮಾಡಬೇಕು.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಮಾರ್ಚ್ 22ರ ರಾತ್ರಿ. ಅವತ್ತು ಖನ್ನಾ ದೆಹಲಿ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಯ ವರದಿ, ವರ್ಮಾ ಅವರ ಉತ್ತರ, ಸುಟ್ಟ ನೋಟುಗಳ ಫೋಟೋ, ವಿಡಿಯೋ ಎಲ್ಲವನ್ನೂ ಸುಪ್ರೀಂ ಕೋರ್ಟಿನ ವೆಬ್‌ಸೈಟಿನಲ್ಲಿ ಹಾಕಿಸಿದರು. ದೇಶವೇ ನೋಡಿತು. ಈಗ 2019 ನೆನಪು ಮಾಡಿಕೊಳ್ಳಿ. ಅವತ್ತಿನ ಮುಖ್ಯ ನ್ಯಾಯಮೂರ್ತಿ ರಂಜನ್ ಗೊಗೊಯ್ ಅವರ ಮೇಲೆಯೇ ಕೋರ್ಟಿನ ಮಾಜಿ ಮಹಿಳಾ ಸಿಬ್ಬಂದಿಯೊಬ್ಬರು ಲೈಂಗಿಕ ಕಿರುಕುಳದ ದೂರು ಕೊಟ್ಟಿದ್ದರು. ಗೊಗೊಯ್ ಆರೋಪ ತಳ್ಳಿಹಾಕಿದರು. ಮೂವರ ಆಂತರಿಕ ಸಮಿತಿ ದೂರಿನಲ್ಲಿ ಹುರುಳಿಲ್ಲ ಎಂದಿತು. ಆ ವರದಿ ಹೊರಗೆ ಬರಲಿಲ್ಲ, ದೂರು ಕೊಟ್ಟವರ ಕೈಗೂ ಸಿಗಲಿಲ್ಲ. ಕ್ರಮ ಅದೇ, 1999ರದ್ದೇ. ಒಂದು ಸಲ ವಿಡಿಯೋ ಸಮೇತ ಬಾಗಿಲು ತೆರೆಯಿತು, ಇನ್ನೊಂದು ಸಲ ಪೂರ್ತಿ ಮುಚ್ಚಿತು. ತೆರೆಯಲೇಬೇಕು ಅಂತ ನಿಯಮ ಎಲ್ಲೂ ಇಲ್ಲ. 2025ರ ಆಗಸ್ಟ್ 7ಕ್ಕೆ, ಆಂತರಿಕ ವಿಚಾರಣೆಯನ್ನು ಪ್ರಶ್ನಿಸಿದ್ದ ವರ್ಮಾ ಅವರ ಅರ್ಜಿ ವಜಾ ಮಾಡಿದ ಸುಪ್ರೀಂ ಕೋರ್ಟ್ ಪೀಠ ಇನ್-ಹೌಸ್ ಕ್ರಮಕ್ಕೆ ಕಾನೂನಿನ ಬಲ ಇದೆ ಎಂದಿತು. ವಿಡಿಯೋ ಹಾಕುವುದು ಮಾತ್ರ ಆ ಕ್ರಮದ ಭಾಗವಾಗಿರಲಿಲ್ಲ ಎಂದೂ ಅದೇ ತೀರ್ಪಿನಲ್ಲಿದೆ.

ನಾನು ಇಲ್ಲಿ ಹೇಳಬೇಕೆಂದಿರುವುದೂ ಇದನ್ನೇ. ನಮ್ಮಲ್ಲಿ ನ್ಯಾಯಾಂಗದ ಉತ್ತರದಾಯಿತ್ವ ನಿಂತಿರುವುದು ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅನ್ನುವುದರ ಮೇಲೆ. ಒಳ್ಳೆಯವರು, ಗಟ್ಟಿಯವರು ಕೂತಾಗ ಒಂದಷ್ಟು ಆಗುತ್ತದೆ. ಅವರು 65 ತುಂಬಿ ನಿವೃತ್ತರಾದ ಮೇಲೆ ಮತ್ತೆ ಮೊದಲಿಂದ ಶುರು.

ಕ್ರಿಮಿನಲ್ ಕೇಸಿನ ವಿಷಯದಲ್ಲೂ ಹಾಗೇ. 1991ರ ವೀರಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ನ್ಯಾಯಮೂರ್ತಿಗಳು ಭ್ರಷ್ಟಾಚಾರ ತಡೆ ಕಾನೂನಿಗೆ ಹೊರತಲ್ಲ. ಆದರೆ ಸಿಜೆಐ ಅವರನ್ನು ಕೇಳದೆ ಎಫ್‌ಐಆರ್ ಹಾಕುವಂತಿಲ್ಲ. ಪೊಲೀಸರನ್ನು ಛೂ ಬಿಟ್ಟು ಸರ್ಕಾರ ನ್ಯಾಯಮೂರ್ತಿಗಳನ್ನು ಹೆದರಿಸಬಾರದು ಎಂಬುದು ಕಾರಣ. ನ್ಯಾಯವಾದ ಕಾರಣವೇ. ಆದರೆ ಬೀಗದ ಕೈ ಒಬ್ಬರ ಜೇಬಿಗೆ ಹೋಯಿತು. ಅಲಹಾಬಾದ್ ಹೈಕೋರ್ಟಿನ ಎಸ್.ಎನ್. ಶುಕ್ಲಾ ವಿರುದ್ಧ ಆಂತರಿಕ ಸಮಿತಿ 2018ರ ಆರಂಭದಲ್ಲೇ ವರದಿ ಕೊಟ್ಟಿತ್ತು. ಸಿಬಿಐ ಕೇಸು ದಾಖಲಿಸಲು ಸಿಜೆಐ ಒಪ್ಪಿದ್ದು 2019ರಲ್ಲಿ. ಅಷ್ಟೂ ದಿನ ಅವರು ಕೇಸು ಕೇಳುತ್ತಿರಲಿಲ್ಲ, ಆದರೆ ನ್ಯಾಯಮೂರ್ತಿ ಆಗಿಯೇ ಇದ್ದರು. 2020ರಲ್ಲಿ ನಿವೃತ್ತರಾದರು.

ಕೈಗೆ ಸಿಕ್ಕ ಇನ್ನೊಂದು ಸಲಕರಣೆ ವರ್ಗಾವಣೆ. ಅದನ್ನು ಶಿಕ್ಷೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವರ್ಮಾ ಅವರನ್ನು ಅಲಹಾಬಾದಿಗೆ ವಾಪಸ್ ಕಳಿಸುತ್ತಾರೆ ಅಂದಾಗ ನಮ್ಮ ಹೈಕೋರ್ಟ್ ಕಸದ ಬುಟ್ಟಿಯಲ್ಲ ಎಂದು ಅಲ್ಲಿನ ವಕೀಲರ ಸಂಘ ಸಿಡಿದೆದ್ದಿತು. ದಿನಕರನ್ ಹೋದಾಗ ಸಿಕ್ಕಿಂನವರು ಕೇಳಬಹುದಾಗಿದ್ದ ಮಾತೇ ಅದು.

ಇಷ್ಟೆಲ್ಲ ತೊಡಕಿನ ನಡುವೆ ಬಾಗಿಲು ಸ್ವಲ್ಪ ಸ್ವಲ್ಪ ತೆರೆದಿದ್ದೂ ನ್ಯಾಯಮೂರ್ತಿಗಳಿಂದಲೇ. ಆಸ್ತಿ ವಿವರದ ಕಥೆ ನೋಡಿ. ಆಸ್ತಿ ವಿವರವನ್ನು ಮುಖ್ಯ ನ್ಯಾಯಮೂರ್ತಿಗೆ ಕೊಡಬೇಕು ಅಂತ 1997ರಲ್ಲೇ ಸುಪ್ರೀಂ ಕೋರ್ಟಿನವರು ಒಪ್ಪಿದ್ದರು. ಜನರಿಗೆ ತೋರಿಸಬೇಕು ಅಂತಲ್ಲ. 2009ರಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆ ಎದ್ದಾಗ ಮೊದಲು ದನಿ ಎತ್ತಿದವರಲ್ಲಿ ಒಬ್ಬರು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಡಿ.ವಿ. ಶೈಲೇಂದ್ರ ಕುಮಾರ್. ನಮ್ಮೆಲ್ಲರ ಪರವಾಗಿ ಸಿಜೆಐ ಮಾತಾಡುವುದು ಸರಿಯಲ್ಲ ಎಂದು ಬಹಿರಂಗವಾಗಿ ಬರೆದು, ತಮ್ಮ ಆಸ್ತಿ ವಿವರವನ್ನು ತಾವೇ ಅಂತರ್ಜಾಲದಲ್ಲಿ ಹಾಕಿಬಿಟ್ಟರು. ಅವರನ್ನು ಯಾರೂ ಕೇಳಿರಲಿಲ್ಲ, ಯಾವ ನಿಯಮವೂ ಇರಲಿಲ್ಲ. ಅದೇ ವರ್ಷದ ಆಗಸ್ಟ್ ಕೊನೆಗೆ ಸುಪ್ರೀಂ ಕೋರ್ಟ್ ಕೂಡ ಇಷ್ಟವಿದ್ದವರು ಪ್ರಕಟಿಸಬಹುದು ಎಂದು ತೀರ್ಮಾನಿಸಿತು. 2019ರ ನವೆಂಬರಿನಲ್ಲಿ ಸಿಜೆಐ ಕಚೇರಿಯೂ ಮಾಹಿತಿ ಹಕ್ಕು ಕಾಯ್ದೆಗೆ ಸೇರುತ್ತದೆ ಎಂದು ಐವರ ಪೀಠ ಹೇಳಿತು. 2025ರ ಏಪ್ರಿಲ್ 1ರ ಸಭೆಯಲ್ಲಿ ಎಲ್ಲರೂ ಪ್ರಕಟಿಸೋಣ ಅಂತ ಒಪ್ಪಿದರು. ಮೇ ತಿಂಗಳ ಮೊದಲ ವಾರ ವೆಬ್‌ಸೈಟಿಗೆ ಏರಿದಾಗ ಆಗಿದ್ದ 33 ನ್ಯಾಯಮೂರ್ತಿಗಳಲ್ಲಿ 21 ಜನರ ವಿವರ ಇತ್ತು. ನಮ್ಮಲ್ಲಿ ಗ್ರಾಮ ಪಂಚಾಯ್ತಿ ಸದಸ್ಯರೂ ಆಸ್ತಿ ವಿವರ ಕೊಡಬೇಕು. ಸುಪ್ರೀಂ ಕೋರ್ಟ್ ಇಲ್ಲಿಗೆ ಬರಲು 28 ವರ್ಷ ಹಿಡಿಯಿತು.

ಲೈವ್ ಸ್ಟ್ರೀಮಿಂಗ್ ಇನ್ನೊಂದು ಬಾಗಿಲು. 2018ರ ಸೆಪ್ಟೆಂಬರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ದಾರಿ ಮಾಡಿಕೊಟ್ಟಿತು. ಫಲ ಕಂಡಿದ್ದು ನಮ್ಮಲ್ಲೇ. 2024ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಬೆಂಗಳೂರಿನ ಒಂದು ಬಡಾವಣೆಯ ಬಗ್ಗೆ, ಒಬ್ಬ ವಕೀಲೆಯ ಬಗ್ಗೆ ಆಡಿದ ಮಾತುಗಳ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಸುಪ್ರೀಂ ಕೋರ್ಟಿನ ಐವರ ಪೀಠ ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ನ್ಯಾಯಮೂರ್ತಿ ತೆರೆದ ಕೋರ್ಟಿನಲ್ಲಿ ವಿಷಾದ ಹೇಳಿದರು. ಭಾರತದ ಯಾವ ಭಾಗವನ್ನೂ ಪಾಕಿಸ್ತಾನ ಅನ್ನುವಂತಿಲ್ಲ ಎಂದು ಹೇಳಿ ಪೀಠ ಪ್ರಕರಣ ಮುಗಿಸಿತು. ಸಮಿತಿ ಇಲ್ಲ, ಸಂಸತ್ತು ಇಲ್ಲ, ಒಂದೇ ವಾರದಲ್ಲಿ ಮುಗಿಯಿತು. ಕ್ಯಾಮೆರಾ ಇಲ್ಲದಿದ್ದರೆ ಆ ಮಾತು ಕೋರ್ಟ್ ಹಾಲಿನ ಗೋಡೆ ದಾಟುತ್ತಿರಲಿಲ್ಲ. ವಿಡಿಯೋ ತುಣುಕುಗಳು ದುರ್ಬಳಕೆ ಆಗುತ್ತವೆ ಎಂಬ ಅಳುಕು ಕೋರ್ಟುಗಳಿಗಿದೆ. ಇರಲಿ, ಆದರೂ ಕ್ಯಾಮೆರಾ ಉಳಿಯಲೇಬೇಕು.

ನೇಮಕದ ವಿಷಯಕ್ಕೂ ಉತ್ತರದಾಯಿತ್ವಕ್ಕೂ ನೇರ ನಂಟಿದೆ. ಯಾರನ್ನು ಯಾಕೆ ಆರಿಸಿದರು ಅಂತ ಗೊತ್ತಿಲ್ಲದಿದ್ದರೆ ಮುಂದೆ ಏನನ್ನು ಕೇಳುವುದು? 2015ರಲ್ಲಿ ನ್ಯಾಯಮೂರ್ತಿಗಳ ನೇಮಕಾತಿ ಆಯೋಗದ ಕಾನೂನನ್ನು ಸುಪ್ರೀಂ ಕೋರ್ಟ್ 4-1ರಿಂದ ರದ್ದು ಮಾಡಿದಾಗ ಒಪ್ಪದೇ ಇದ್ದ ಒಬ್ಬರು ಜೆ. ಚೆಲಮೇಶ್ವರ್. ನೇಮಕಕ್ಕೆ ಹೆಸರು ಆರಿಸುವ ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಕೊಲಿಜಿಯಂನಲ್ಲಿ ನಡೆಯುವುದು ಹೊರಗೆ ಯಾರಿಗೂ ಕಾಣಿಸುವುದಿಲ್ಲ ಎಂಬುದು ಅವರ ತಕರಾರು. ಮುಂದಿನ ವರ್ಷ ಅವರೇ ಕೊಲಿಜಿಯಂ ಸದಸ್ಯರಾಗಿದ್ದರೂ, ಅಲ್ಲಿನ ಮಾತು ಬರಹದಲ್ಲಿ ದಾಖಲಾಗದ ಹೊರತು ಸಭೆಗೆ ಬರಲ್ಲ ಅಂದರು. 2017ರ ಅಕ್ಟೋಬರಿನಿಂದ ನಿರ್ಣಯಗಳು ವೆಬ್‌ಸೈಟಿಗೆ ಬರತೊಡಗಿದವು. ಆದರೂ 2025ರ ಆಗಸ್ಟಿನಲ್ಲಿ ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಂದು ಹೆಸರಿಗೆ ಭಿನ್ನಮತ ಬರೆದಿದ್ದಾರೆ ಎಂದು ಪತ್ರಿಕೆಗಳಲ್ಲಿ ವರದಿಯಾಯಿತು. ವೆಬ್‌ಸೈಟಿನ ನಿರ್ಣಯದಲ್ಲಿ ಅದರ ಸುಳಿವೇ ಇರಲಿಲ್ಲ. ಅವರೇ 2027ರಲ್ಲಿ ಮುಖ್ಯ ನ್ಯಾಯಮೂರ್ತಿ ಆಗುವ ಸರದಿಯಲ್ಲಿದ್ದಾರೆ.

ಇದನ್ನೆಲ್ಲ ಸರ್ಕಾರದ ಕೈಗೇ ಕೊಟ್ಟುಬಿಡಿ ಅನ್ನುವವರೂ ಇದ್ದಾರೆ. ಅವರಿಗೆ ನಾನು ನೆನಪಿಸುವುದು ಕೆ.ಎಸ್. ಹೆಗ್ಡೆ ಅವರನ್ನು. 1973ರಲ್ಲಿ ಸರ್ಕಾರಕ್ಕೆ ಹಿಡಿಸದ ತೀರ್ಪು ಕೊಟ್ಟ ಹೆಗ್ಡೆ, ಶೆಲಾತ್, ಗ್ರೋವರ್ ಮೂವರನ್ನೂ ದಾಟಿ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಬಿಸಾಕಿ ಹೊರಬಂದರು. ಹಾಗಾಗಿ ನ್ಯಾಯಮೂರ್ತಿಗಳ ರಕ್ಷಣೆ ಹೋಗಬಾರದು. ಆದರೆ ಸರ್ಕಾರದಿಂದ ರಕ್ಷಣೆ ಬೇರೆ, ಜನರ ಪ್ರಶ್ನೆಯಿಂದ ರಕ್ಷಣೆ ಬೇರೆ.

ನಡುವಿನ ಹಂತಗಳನ್ನು ಕಾನೂನಿನಲ್ಲೇ ಬರೆಯುವ ಪ್ರಯತ್ನ ಒಮ್ಮೆ ಆಗಿತ್ತು. 2010ರಲ್ಲಿ ಮಂಡನೆಯಾದ ನ್ಯಾಯಾಂಗ ಮಾನದಂಡ ಮತ್ತು ಉತ್ತರದಾಯಿತ್ವ ಮಸೂದೆಯಲ್ಲಿ ಆಸ್ತಿ ಘೋಷಣೆ ಕಡ್ಡಾಯ, ಯಾರು ಬೇಕಾದರೂ ದೂರು ಕೊಡಬಹುದು, ಸಣ್ಣ ತಪ್ಪಿಗೆ ಎಚ್ಚರಿಕೆ ಕೊಡಬಹುದು ಎಂದೆಲ್ಲ ಇತ್ತು. ದೋಷಗಳೂ ಇದ್ದವು. ದೂರು ಕೊಟ್ಟವರೇ ಬಾಯಿ ಮುಚ್ಚಿಕೊಂಡಿರಬೇಕು ಎಂಬಂಥ ಗೋಪ್ಯತೆಯ ನಿಯಮವೂ ಅದರಲ್ಲಿತ್ತು. 2012ರ ಮಾರ್ಚಿನಲ್ಲಿ ಲೋಕಸಭೆ ಪಾಸು ಮಾಡಿತು. ಕಾನೂನಾಗಲಿಲ್ಲ, 2014ರಲ್ಲಿ ಲೋಕಸಭೆಯ ಜೊತೆಗೇ ಬಿದ್ದುಹೋಯಿತು. ಹಾಗಾಗಿ ಇವತ್ತು ನೀವು ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ಮೇಲೆ ಸಾಕ್ಷಿ ಸಮೇತ ದೂರು ಬರೆದು ಸಿಜೆಐ ಅವರಿಗೆ ಕಳಿಸಿದರೆ ಅದು 1999ರ ಆ ಕ್ರಮದ ಒಳಗೇ ಹೋಗುತ್ತದೆ. ದೂರಿಗೆ ಏನಾಯಿತು ಅಂತ ನಿಮಗೆ ಇಂತಿಷ್ಟು ದಿನದೊಳಗೆ ತಿಳಿಸಲೇಬೇಕು ಎಂಬ ಒಂದು ಸಾಲು ಅದರಲ್ಲಿ ಇಲ್ಲ. ಆ ಒಂದು ಸಾಲು ಸೇರಿಸಲು ಸಂಸತ್ತು ಬೇಕಿಲ್ಲ, ಸಂವಿಧಾನ ತಿದ್ದುಪಡಿಯೂ ಬೇಕಿಲ್ಲ. 1999ರಲ್ಲಿ ಕೂತ ಹಾಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೆಲ್ಲ ಇನ್ನೊಂದು ಸಂಜೆ ಒಟ್ಟಿಗೆ ಕೂತರೆ ಆಗುವ ಕೆಲಸ.